ತೋಳು ಕೊಟ್ಟ ನಲವತ್ತೈದು ಮಂದಿ

‘ಹಿಂದೆ ಯಾವುದಾದರೂ ಕಾಯಿಲೆ ಬಂದಿತ್ತೇ?’ ಎಂಬ ಸಾಲಿನ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ರೂಮ್‌ಮೇಟ್ ಮೊಣಕೈಯಿಂದ ತಿವಿದು, ‘ಹಂಗೇ ಬರಿ ಮಂಗ್ಳೂರು, ಏನೂ ಇಲ್ಲ ಅಂತ ಬರಿ. ಇದೆ ಅಂದ್ರೆ ನೂರಾ ಎಂಟು ಪ್ರಶ್ನೆ ಕೇಳ್ತಾರೆ’ ಎಂದು ಪಿಸುಗುಟ್ಟಿದ. ಮಂಗಳೂರು ಕಡೆಯವನಾದ್ದರಿಂದ ಅವನಿಗೆ ನನ್ನ ಹೆಸರೇ ‘ಮಂಗ್ಳೂರು’. ಅವನು ಚಳ್ಳಕೆರೆಯವನು.

ನಾವಿಬ್ಬರೂ ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿ ಮೇಲೆ ಶೀಟು ಹಾಕಿದ ರೂಮಿನಲ್ಲಿದ್ದೆವು. ಬಿ.ಎಸ್ಸಿ. ಮುಗಿದು ಒಂದು ವರ್ಷ ಆಗಿತ್ತು. ಬೆಳಿಗ್ಗೆ ಎದ್ದು ಪೇಪರಿನಲ್ಲಿ ಉದ್ಯೋಗದ ಪುಟ ನೋಡುವುದು, ರೆಸ್ಯೂಮೆ ಕಳಿಸುವುದು, ಮಧ್ಯಾಹ್ನ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಲೈಬ್ರರಿಗೆ ನಡೆದು ಹೋಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದು. ಸಂಜೆ ಗಾಂಧಿ ಬಜಾರಿನಲ್ಲಿ ಹೂವು ಹಣ್ಣಿನ ಅಂಗಡಿಗಳ ಮುಂದೆ ಸುಮ್ಮನೆ ಸುತ್ತಿ, ಬೈ ಟು ಕಾಫಿ ಕುಡಿದು ವಾಪಸು. ದಿನಚರಿ ಚೆನ್ನಾಗಿಯೇ ಇತ್ತು. ಬಾಡಿಗೆ ಮಾತ್ರ ಎರಡು ತಿಂಗಳದ್ದು ಬಾಕಿ.

ಆಗ ರೂಮ್‌ಮೇಟ್ ಹೇಳಿದ್ದು ‘ಸ್ಟಡಿ’ಯ ವಿಷಯ. ಓದುವ ಸ್ಟಡಿ ಅಲ್ಲ. ಔಷಧ ಪರೀಕ್ಷೆಗೆ ಆರೋಗ್ಯವಂತ ಗಂಡಸರು ಬೇಕು. ಎರಡು ಮೂರು ದಿನ ಅಲ್ಲೇ ಇರಬೇಕು, ಮಾತ್ರೆ ಕೊಡುತ್ತಾರೆ, ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, ಊಟ ವಸತಿ ಅವರದ್ದೇ, ಕೊನೆಗೆ ದುಡ್ಡು. ನಮ್ಮ ಬಾಡಿಗೆ ಬಾಕಿ ತೀರುವಷ್ಟು. ಅವನು ಆಗಲೇ ಒಂದು ಮಾಡಿ ಬಂದಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗರಲ್ಲಿ ಇದು ಎಷ್ಟು ಜನರಿಗೆ ಗೊತ್ತಿದೆ ಎಂದು ಕೇಳಿ ನೋಡಿ, ಆಶ್ಚರ್ಯಪಡುತ್ತೀರಿ.

ಅವತ್ತು ಸ್ಕ್ರೀನಿಂಗಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ರೂಮ್‌ಮೇಟನ್ನು ಕರೆದು ಕೂರಿಸಿ, ‘ಕೊನೆಯ ಸ್ಟಡಿ ಯಾವಾಗ ಮಾಡಿದ್ರಿ?’ ಎಂದರು. ‘ಮಾಡೇ ಇಲ್ಲ ಮೇಡಂ, ಇದೇ ಮೊದಲು’ ಎಂದ. ಅವರು ಏನೂ ಮಾತಾಡದೆ ಅವನ ಅಂಗಿಯ ತೋಳು ಮಡಚಿ, ಮೊಣಕೈ ಮಡಿಕೆಯಲ್ಲಿ ಬೆರಳಿಟ್ಟು ನೋಡಿದರು. ಸೂಜಿ ಚುಚ್ಚಿದ ಗುರುತು ಇನ್ನೂ ಮಾಸಿರಲಿಲ್ಲ. ‘ಎರಡು ಸ್ಟಡಿಗಳ ನಡುವೆ ಇಂತಿಷ್ಟು ದಿನ ಅಂತರ ಇರಬೇಕು ಅಂತ ನಿಯಮ ಇರೋದು ನಿಮಗೋಸ್ಕರ ಕಣಪ್ಪ. ಹೋದ ಸಲದ ಔಷಧ ಮೈಯಲ್ಲಿರುತ್ತೆ, ತೆಗೆದ ರಕ್ತ ತುಂಬಿರಲ್ಲ. ಹೋಗಿ ಬನ್ನಿ’ ಎಂದು ಫಾರಂ ಮೇಲೆ ಗೀಟು ಹಾಕಿದರು.

ನನ್ನ ಎದೆ ಡವಡವ. ಮುಂದಿನ ಹೆಸರು ನನ್ನದೇ. ಧೈರ್ಯದಿಂದ ಅಲ್ಲ, ಹೆದರಿಕೆಯಿಂದಲೇ ಹೇಳಿಬಿಟ್ಟೆ: ‘ಮೇಡಂ, ನಾನೂ ಒಂದು ತಪ್ಪು ಬರೆದಿದ್ದೀನಿ. ನನಗೆ ಮಲೇರಿಯಾ ಬಂದಿತ್ತು. ಎರಡು ಸಲ.’

ಅವರು ನಕ್ಕರು. ‘ಇದು ಮಾತ್ರೆಯ ಸ್ಟಡಿ, ಸರಿಯಾಗಿ ಬರೆದರೆ ನೋಡ್ತೀವಿ. ಮಲೇರಿಯಾ ಲಸಿಕೆಯ ಸ್ಟಡಿ ಆಗಿದ್ದರೆ ನಿಮ್ಮ ಒಂದು ‘ಇಲ್ಲ’ದಿಂದ ಇಡೀ ಲೆಕ್ಕ ಕೆಡ್ತಿತ್ತು. ಅಂಥದ್ದೂ ಈ ಊರಲ್ಲೇ ನಡೆದಿದೆ, ಗೊತ್ತಾ?’

ಗೊತ್ತಿರಲಿಲ್ಲ. ಅಂದಹಾಗೆ, ಕೊನೆಗೆ ನನ್ನನ್ನು ಕೈಬಿಟ್ಟದ್ದು ಮಲೇರಿಯಾದ ಕಾರಣಕ್ಕಲ್ಲ. ಹಿಮೋಗ್ಲೋಬಿನ್ ಕಡಿಮೆ ಇತ್ತು. ಬೈ ಟು ಕಾಫಿಯ ಫಲ.

ರೂಮ್‌ಮೇಟ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಬಾಯಿ ಬಿಟ್ಟಿದ್ದಕ್ಕೂ ಅವನು ಸಿಕ್ಕಿಬಿದ್ದಿದ್ದಕ್ಕೂ ಸಂಬಂಧ ಇರಲಿಲ್ಲ, ಆದರೂ. ಆ ಎರಡು ದಿನ ಲೈಬ್ರರಿಯಲ್ಲಿ ಕೂತು ನಾನು ಮಾಡಿದ ಕೆಲಸ ಇದೊಂದೇ: ಡಾಕ್ಟರಮ್ಮ ಹೇಳಿದ ಆ ಮಲೇರಿಯಾ ಲಸಿಕೆಯ ಜಾಡು ಹಿಡಿದದ್ದು.

ಮೊಬೈಲಿನಲ್ಲೇ ಸಿಕ್ಕಿತು. ‘ಪ್ಲಾಸ್ ಒನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ವರದಿ. ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಲಸಿಕೆಯ ಹೆಸರು ಜೈವ್ಯಾಕ್-1. ದೆಹಲಿಯ ಐಸಿಜಿಇಬಿ ಎಂಬ ಸಂಶೋಧನಾ ಕೇಂದ್ರದಲ್ಲಿ ವೀರೇಂದರ್ ಚೌಹಾಣ್, ಚೇತನ್ ಚಿಟ್ನಿಸ್ ಮತ್ತು ಅವರ ತಂಡ ರೂಪಿಸಿದ್ದು. ನಮ್ಮ ದೇಶದಲ್ಲೇ ಹುಟ್ಟಿದ ಮಲೇರಿಯಾ ಲಸಿಕೆಯನ್ನು ಮನುಷ್ಯರ ಮೇಲೆ ಮೊದಲ ಹಂತದಲ್ಲಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ 2010ರದ್ದು. ಭಾಗವಹಿಸಿದವರು 45 ಮಂದಿ ಗಂಡಸರು, 18ರಿಂದ 45 ವರ್ಷದೊಳಗಿನವರು, ಆರೋಗ್ಯವಂತರು. ಅವರನ್ನು ಆರಿಸಿದ್ದು ಎಲ್ಲಿಂದ ಗೊತ್ತೇ? ಸ್ವಯಂಸೇವಕರ ಪಟ್ಟಿಯಿಂದ. ಅಂದರೆ ನನ್ನಂಥ, ನನ್ನ ರೂಮ್‌ಮೇಟಿನಂಥ ಹೆಸರುಗಳಿರುವ ಪಟ್ಟಿ. ಮುಖ್ಯ ಷರತ್ತು ಒಂದು: ಮೈ ಮಲೇರಿಯಾ ಕಾಣದ್ದಾಗಿರಬೇಕು.

ಈ ಷರತ್ತು ಓದಿದಾಗ ನನಗೆ ಪಿಯುಸಿ ದಿನಗಳು ನೆನಪಾದವು. ಅಪ್ಪ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ರಜೆಯಲ್ಲಿ ನಾನೂ ಸೈಟಿಗೆ ಹೋಗುತ್ತಿದ್ದೆ. ಕ್ಯೂರಿಂಗಿಗೆ ನಿಲ್ಲಿಸಿದ ನೀರು, ತೆರೆದ ಡ್ರಮ್ಮು, ಸೊಳ್ಳೆ. ಒಂದು ಮಧ್ಯಾಹ್ನ ಮಟಮಟ ಬಿಸಿಲಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿ. ಮೂರು ಕಂಬಳಿ ಹೊದೆಸಿ ಅಮ್ಮ ಮೇಲೆ ಕೂತರೂ ನಡುಕ ನಿಲ್ಲಲಿಲ್ಲ. ಆಮೇಲೆ ಸುಡುವ ಜ್ವರ, ಆಮೇಲೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಮಾರನೇ ದಿನ ಏನೂ ಆಗದವನ ಹಾಗೆ ಎದ್ದು ಓಡಾಡಿದೆ. ಅದರ ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಚಳಿ. ರಕ್ತ ಪರೀಕ್ಷೆಯಲ್ಲಿ ‘ವೈವಾಕ್ಸ್’ ಎಂದು ಬಂತು. ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್ ನುಂಗಬೇಕು ಎಂದರು. ಐದನೇ ದಿನಕ್ಕೆ ಗುಣವಾಯಿತಲ್ಲ ಎಂದು ಮಾತ್ರೆ ಬಿಟ್ಟೆ. ವೈವಾಕ್ಸ್ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿ ನಿದ್ದೆ ಮಾಡುತ್ತಿರುತ್ತದೆ, ಅದನ್ನು ಕೊಲ್ಲಲೆಂದೇ ಆ ಹದಿನಾಲ್ಕು ದಿನ ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಸರಿಯಾಗಿ ಪರೀಕ್ಷೆಯ ವಾರದಲ್ಲಿ ಅದು ಎದ್ದು ಬಂತು. ಕೆಮಿಸ್ಟ್ರಿ ಪೇಪರನ್ನು ನಡುಗುವ ಕೈಯಲ್ಲಿ ಬರೆದೆ. ಅಂಕ ಕೇಳಬೇಡಿ.

ಈಗ ಡಾಕ್ಟರಮ್ಮನ ಮಾತಿಗೆ ಬರೋಣ. ನನ್ನ ಒಂದು ಸುಳ್ಳಿನಿಂದ ಲೆಕ್ಕ ಯಾಕೆ ಕೆಡುತ್ತಿತ್ತು?

ಮೊದಲ ಹಂತದ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಈ ಲಸಿಕೆಯಿಂದ ಅಪಾಯ ಇದೆಯೇ? ಇದನ್ನು ಕೊಟ್ಟರೆ ಮೈ ಪ್ರತಿಕಾಯಗಳನ್ನು ತಯಾರಿಸುತ್ತದೆಯೇ? ರೋಗ ತಡೆಯುತ್ತದೆಯೇ ಎಂಬ ಪ್ರಶ್ನೆ ಇನ್ನೂ ದೂರ. ಜೈವ್ಯಾಕ್-1 ಪಡೆದ ಯಾರಿಗೂ ಬೇಕೆಂದೇ ಮಲೇರಿಯಾ ಸೋಂಕು ತಗುಲಿಸಿ ನೋಡಲಿಲ್ಲ. 45 ಮಂದಿಯನ್ನು ಹದಿನೈದರಂತೆ ಮೂರು ತಂಡ ಮಾಡಿದರು. ಪ್ರತಿ ತಂಡದಲ್ಲಿ ನಾಲ್ಕಕ್ಕೆ ಒಂದರ ಲೆಕ್ಕ: 12 ಮಂದಿಗೆ ಮಲೇರಿಯಾ ಲಸಿಕೆ, ಮೂವರಿಗೆ ಹೆಪಟೈಟಿಸ್-ಬಿ ಲಸಿಕೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಚುಚ್ಚಿಸಿಕೊಂಡವನಿಗೆ ತನ್ನ ತೋಳಿಗೆ ಹೋದದ್ದು ಯಾವುದು ಎಂದು ತಿಳಿಸುವುದಿಲ್ಲ. ಒಂದು ತಂಡಕ್ಕೆ ಪ್ರತಿ ಪ್ರೊಟೀನು 10 ಮೈಕ್ರೋಗ್ರಾಂ, ಇನ್ನೊಂದಕ್ಕೆ 25, ಮತ್ತೊಂದಕ್ಕೆ 50. ಕಡಿಮೆ ಪ್ರಮಾಣದಿಂದ ಹೆಚ್ಚಿಗೆ ಮೆಟ್ಟಿಲು ಹತ್ತಿದ ಹಾಗೆ. ಮೊದಲ ದಿನ ಒಂದು ಚುಚ್ಚು, 28ನೇ ದಿನ ಇನ್ನೊಂದು, 180ನೇ ದಿನ ಮೂರನೆಯದು.

ಆರು ತಿಂಗಳು! ಹೊಸ ಕೆಲಸ ಸಿಕ್ಕರೂ, ಊರಲ್ಲಿ ಜಾತ್ರೆಯಿದ್ದರೂ, ಮನೆ ಬದಲಿಸಿದರೂ ಆ ದಿನಕ್ಕೆ ಬಂದು ತೋಳು ಕೊಡಬೇಕು. ದುಡ್ಡಿಗಾಗಿಯೇ ಬಂದಿರಲಿ, ಬಂದವರ ಬಗ್ಗೆ ನನಗೆ ಗೌರವ ಬಂತು.

ಹನ್ನೆರಡು ಮಂದಿ ಎಂದರೆ ಎಷ್ಟು ಸಣ್ಣ ಸಂಖ್ಯೆ ನೋಡಿ. ಅದರಲ್ಲಿ ನನ್ನಂಥವನೊಬ್ಬ ‘ಮಲೇರಿಯಾ ಬಂದೇ ಇಲ್ಲ’ ಎಂದು ಸುಳ್ಳು ಹೇಳಿ ಸೇರಿಕೊಂಡ ಅನ್ನಿ. ಅವನ ರಕ್ತದಲ್ಲಿ ಮಲೇರಿಯಾದ ಗುರುತು ಹಿಡಿಯುವ ಪ್ರತಿಕಾಯಗಳು ಮೊದಲೇ ಇರಬಹುದು. ಇಲ್ಲದಿದ್ದರೂ ಹಳೆಯ ನೆನಪಿಟ್ಟುಕೊಂಡ ಜೀವಕೋಶಗಳು ಲಸಿಕೆ ಬಿದ್ದ ಕೂಡಲೇ ಬೇರೆಯವರಿಗಿಂತ ಜೋರಾಗಿ ಎದ್ದಾವು. ಲಸಿಕೆ ಭಾರೀ ಕೆಲಸ ಮಾಡಿತು ಎಂದು ವಿಜ್ಞಾನಿಗಳು ಬರೆದುಕೊಳ್ಳುತ್ತಾರೆ. ನಿಜಕ್ಕೂ ಕೆಲಸ ಮಾಡಿದ್ದು ಮಂಗಳೂರಿನ ಸೊಳ್ಳೆ. ಆ ತಪ್ಪು ಲೆಕ್ಕದ ಮೇಲೆ ಮುಂದಿನ ಹಂತದಲ್ಲಿ ನೂರಾರು ಜನರಿಗೆ, ಆಮೇಲೆ ಮಕ್ಕಳಿಗೆ ಕೊಡುವ ನಿರ್ಧಾರ ಆಗಬಹುದು.

ಇಂಥ ಪರೀಕ್ಷೆಗೆ ಬೆಂಗಳೂರನ್ನು ಯಾಕೆ ಆರಿಸಿದರು? ಇದು ನನ್ನ ಊಹೆ: ಮಲೇರಿಯಾ ಕಾಣದ ಹುಡುಗರು ಮಂಗಳೂರಿಗಿಂತ ಇಲ್ಲಿ ಸುಲಭವಾಗಿ ಸಿಗುತ್ತಾರೆ. ಹಾಗೆಂದು ಈ ಊರಿಗೆ ಮಲೇರಿಯಾದ ನಂಟೇ ಇಲ್ಲವೆಂದಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದ. ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅವನಿಗೆ ಹೊಳೆದದ್ದು ಇಲ್ಲೇ. ನಮ್ಮ ಓನರ್ ಆಂಟಿಗೆ ಇದನ್ನು ಹೇಳಿ ಮಹಡಿ ಮೇಲಿನ ಹಳೇ ಡ್ರಮ್ಮು ಬೋರಲು ಹಾಕಿಸಿದೆ. ಬಾಡಿಗೆಯ ಮಾತು ಒಂದು ವಾರ ಮುಂದೆ ಹೋಯಿತು.

ಜೈವ್ಯಾಕ್-1ರ ಒಳಗೆ ಏನಿತ್ತು? ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಬೆಳೆಯುತ್ತದೆ. ಅಲ್ಲಿಂದ ಸಾವಿರಾರು ಮರಿಗಳಾಗಿ ರಕ್ತಕ್ಕೆ ನುಗ್ಗುತ್ತದೆ. ಆ ಮರಿಗಳು ಕೆಂಪು ರಕ್ತಕಣದ ಒಳಗೆ ಹೊಕ್ಕು, ತಿಂದು, ಹೆಚ್ಚಿ, ಒಡೆದು ಹೊರಬಂದಾಗಲೇ ನಮಗೆ ಚಳಿ ಜ್ವರ. ಒಳಹೊಗಲು ಅವು ಕೆಲವು ಪ್ರೊಟೀನುಗಳನ್ನು ಬೀಗದ ಕೈಯಂತೆ ಬಳಸುತ್ತವೆ. ಪ್ರಾಣಕ್ಕೆ ಕುತ್ತು ತರುವ ಫಾಲ್ಸಿಪಾರಂ ಮಲೇರಿಯಾದಲ್ಲಿ ಅಂಥ ಒಂದು ಕೀಲಿ ಇಬಿಎ-175. ಅದರಲ್ಲಿ ರಕ್ತಕಣಕ್ಕೆ ಅಂಟಿಕೊಳ್ಳುವ ಭಾಗ ‘ಎಫ್2’. ಇನ್ನೊಂದು, ಮರಿಯ ಮೈಮೇಲಿನ ಎಂಎಸ್‌ಪಿ-1 ಎಂಬ ಪ್ರೊಟೀನಿನ ತುದಿಯ ತುಂಡು. ಈ ಎರಡನ್ನೂ ಪ್ರಯೋಗಾಲಯದಲ್ಲಿ ತಯಾರಿಸಿ, ಬೆರೆಸಿ, ಮಾಂಟನೈಡ್ ಎಂಬ ಎಣ್ಣೆಯಂಥ ಸಹಾಯಕ ವಸ್ತುವಿನ ಜೊತೆ ಕೊಟ್ಟರು. ಪ್ರೊಟೀನು ಒಂದನ್ನೇ ಕೊಟ್ಟರೆ ಮೈ ಅಷ್ಟಾಗಿ ಕ್ಯಾರೇ ಅನ್ನುವುದಿಲ್ಲ. ಜೊತೆಗೊಂದು ಎಚ್ಚರಿಸುವವನು ಬೇಕು.

ಫಲಿತಾಂಶ? ಗಂಭೀರವಾದ ಅಡ್ಡಪರಿಣಾಮ ಯಾರಿಗೂ ಆಗಲಿಲ್ಲ. ಮಲೇರಿಯಾ ಲಸಿಕೆ ಪಡೆದ ಎಲ್ಲರ ರಕ್ತದಲ್ಲೂ ಎಫ್2 ವಿರುದ್ಧ ಪ್ರತಿಕಾಯಗಳು ಮೂಡಿದವು, ಲಸಿಕೆಯ ಪ್ರಮಾಣ ಹೆಚ್ಚಿದಂತೆ ಪ್ರತಿಕಾಯವೂ ಹೆಚ್ಚಿತು. ಆ ಪ್ರತಿಕಾಯಗಳನ್ನು ಬೇರ್ಪಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಂದು ತಳಿಯ ಪರಾವಲಂಬಿಯ ಜೊತೆ ಬಿಟ್ಟಾಗ ಅದರ ಬೆಳವಣಿಗೆ ಕುಂಠಿತವಾಯಿತು. ಆದರೆ ಎಂಎಸ್‌ಪಿ-1ರ ತುಂಡಿಗೆ ಮೈ ಸರಿಯಾಗಿ ಓಗೊಡಲೇ ಇಲ್ಲ. ಎಫ್2 ಉಳಿಸಿಕೊಳ್ಳಿ, ಇನ್ನೊಂದನ್ನು ಬೇರೆ ರೀತಿಯಲ್ಲಿ ಕಟ್ಟಬೇಕು ಎಂಬಲ್ಲಿಗೆ ವರದಿ ಮುಗಿಯುತ್ತದೆ.

ಮೊದಲ ಸಲ ಓದಿದಾಗ ನನಗೆ ನಿರಾಸೆಯೇ ಆಯಿತು. ಇಷ್ಟೆಲ್ಲ ಮಾಡಿ ಅರ್ಧ ಫೇಲ್! ಎರಡನೇ ಸಲ ಓದಿದಾಗ ಬೇರೆಯಾಗಿ ಕಂಡಿತು. ಅರ್ಧ ಫೇಲ್ ಆದದ್ದನ್ನು ಮುಚ್ಚಿಡದೆ ಅಚ್ಚು ಹಾಕಿದ್ದಾರಲ್ಲ. ನಾನಾದರೆ ನನ್ನ ರೆಸ್ಯೂಮೆಯಲ್ಲಿ ಕೆಮಿಸ್ಟ್ರಿ ಅಂಕವನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ ಎಂದು ನನಗೇ ಗೊತ್ತು.

ಮಲೇರಿಯಾ ಲಸಿಕೆಯ ಚರಿತ್ರೆಯೇ ಹೀಗೆ ಬಿದ್ದು ಎದ್ದದ್ದು. 1987ರಲ್ಲಿ ಅಮೆರಿಕದ ಸೇನಾ ಸಂಶೋಧಕರು ಒಂದು ಆರಂಭಿಕ ಲಸಿಕೆಯನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡು, ಸೋಂಕಿನ ಸೊಳ್ಳೆಗಳಿಂದ ಬೇಕೆಂದೇ ಕಚ್ಚಿಸಿಕೊಂಡರು. ಆರು ಮಂದಿಯಲ್ಲಿ ಬಚಾವಾದದ್ದು ಒಬ್ಬ. ಅವರಲ್ಲಿ ಸ್ಟೀಫನ್ ಹಾಫ್‌ಮನ್ ಎಂಬ ವಿಜ್ಞಾನಿ, ತನಗಂತೂ ಏನೂ ಆಗುವುದಿಲ್ಲ ಎಂಬ ಭರವಸೆಯಲ್ಲಿ ವಿಮಾನ ಹತ್ತಿ ಸಮ್ಮೇಳನಕ್ಕೆ ಹೋಗಿ ಅಲ್ಲೇ ನಡುಗುತ್ತಾ ಮಲಗಿದರು. ಮೂರು ಕಂಬಳಿಯ ಆ ನಡುಕ ನನಗೆ ಗೊತ್ತು. ನಗುವುದೋ ಮರುಗುವುದೋ ತಿಳಿಯಲಿಲ್ಲ. ಹತ್ತು ವರ್ಷದ ಮೇಲೆ, 1997ರಲ್ಲಿ, ಆರ್‌ಟಿಎಸ್,ಎಸ್ ಎಂಬ ಲಸಿಕೆಯ ಒಂದು ಮಿಶ್ರಣ ಪಡೆದ ಏಳು ಮಂದಿಯಲ್ಲಿ ಆರು ಮಂದಿ ಪಾರಾದರು ಎಂಬ ವರದಿ ಬಂತು. ಏಳೇ ಏಳು ಮಂದಿ! ಅದೇ ಲಸಿಕೆಯನ್ನು ಮಕ್ಕಳಿಗೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2021ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿನಲ್ಲಿ ಎರಡನೇ ಲಸಿಕೆ ಆರ್21ಕ್ಕೂ ಶಿಫಾರಸು ಸಿಕ್ಕಿತು. ಅದನ್ನು ರೂಪಿಸಿದ್ದು ಆಕ್ಸ್‌ಫರ್ಡ್, ತಯಾರಿಸುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಆ ಎರಡೂ ಲಸಿಕೆಗಳ ಒಳಗೆ ಹೆಪಟೈಟಿಸ್-ಬಿ ವೈರಸ್ಸಿನ ಹೊರಮೈ ಪ್ರೊಟೀನು ಆಧಾರವಾಗಿ ನಿಂತಿದೆ ಎಂಬುದೂ ಅಷ್ಟೇ ಸ್ವಾರಸ್ಯ.

ಇವೆಲ್ಲ ಫಾಲ್ಸಿಪಾರಂಗೆ. ನನ್ನನ್ನು ಕಾಡಿದ ವೈವಾಕ್ಸಿಗೆ? ಅದಕ್ಕೂ ಇದೇ ದೆಹಲಿಯ ತಂಡ ಕೈ ಹಾಕಿತ್ತು. ವೈವಾಕ್ಸ್ ರಕ್ತಕಣದ ಮೇಲಿನ ‘ಡಫಿ’ ಎಂಬ ಗುರುತಿಗೆ ಅಂಟಿಕೊಂಡು ಒಳಹೊಗುತ್ತದೆ. ಪಶ್ಚಿಮ ಆಫ್ರಿಕಾದ ಬಹಳಷ್ಟು ಜನರ ರಕ್ತಕಣದಲ್ಲಿ ಆ ಗುರುತೇ ಇಲ್ಲ, ಅಲ್ಲಿ ವೈವಾಕ್ಸ್ ಅಪರೂಪ. ಆ ಅಂಟುವ ಪ್ರೊಟೀನನ್ನೇ ಲಸಿಕೆ ಮಾಡಿ ಭಾರತದಲ್ಲಿ ಮೊದಲ ಹಂತದ ಪರೀಕ್ಷೆ ನಡೆಸಿದ ವರದಿ 2018ರಲ್ಲಿ ಬಂತು. ಮೂಡಿದ ಪ್ರತಿಕಾಯಗಳು ಬೇರೆ ಬೇರೆ ತಳಿಗಳ ಕೀಲಿಗೂ ಅಡ್ಡ ನಿಂತವು. ಅದೇ ಪ್ರೊಟೀನನ್ನು ಬೇರೊಂದು ಸಹಾಯಕ ವಸ್ತುವಿನ ಜೊತೆ, ಚುಚ್ಚುಗಳ ನಡುವೆ ಹೆಚ್ಚು ಅಂತರ ಬಿಟ್ಟು ಕೊಟ್ಟಾಗ, ರಕ್ತದಲ್ಲಿ ಪರಾವಲಂಬಿ ಹೆಚ್ಚುವ ವೇಗ ಸರಾಸರಿ ಸುಮಾರು ಅರ್ಧಕ್ಕೆ ಇಳಿಯಿತೆಂದು ಆಕ್ಸ್‌ಫರ್ಡಿನವರು 2023ರಲ್ಲಿ ಪ್ರಕಟಿಸಿದರು. ಅರ್ಧ ಎಂದರೆ ಸಾಲದು. ಆದರೂ ಆ ಕೆಮಿಸ್ಟ್ರಿ ಪೇಪರಿನ ದಿನ ಯಾರಾದರೂ ನನಗೆ ಅರ್ಧ ನಡುಕ ಕಡಿಮೆ ಮಾಡುತ್ತೇವೆ ಎಂದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಮೂರನೇ ದಿನ ರೂಮ್‌ಮೇಟ್ ಮಾತಾಡಿದ. ‘ಏನೋ ಅದು, ಮೂರು ದಿನದಿಂದ ಮೊಬೈಲ್‌ಗೆ ಮೂತಿ ಇಟ್ಕೊಂಡು ಕೂತಿದೀಯಾ?’ ಹೇಳಿದೆ. ಆಮೇಲೆ ಇಬ್ಬರೂ ಕೂತು ಅವನು ಹಿಂದಿನ ಸ್ಟಡಿಯಲ್ಲಿ ಸಹಿ ಮಾಡಿದ್ದ ಒಪ್ಪಿಗೆ ಪತ್ರವನ್ನು ಹುಡುಕಿದೆವು. ಸಿಕ್ಕಿತು, ಹಾಸಿಗೆ ಕೆಳಗೆ. ಒಂದು ಪುಟವನ್ನೂ ಓದಿರಲಿಲ್ಲ ಅವನು. ಒಂದು ಪ್ರತಿ ನಮ್ಮ ಕೈಗೆ ಕೊಡಲೇಬೇಕು ಎಂಬುದೇ ನಿಯಮ ಎಂದು ಆಗ ತಿಳಿಯಿತು. 2019ರ ಮಾರ್ಚಿನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇನ್ನೂ ಇದೆ: ಯಾವಾಗ ಬೇಕಾದರೂ ಕಾರಣ ಕೊಡದೆ ಹೊರಬರಬಹುದು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ. ನೈತಿಕ ಸಮಿತಿ ಒಪ್ಪದೆ ಏನೂ ಶುರುವಾಗುವಂತಿಲ್ಲ. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅವರಲ್ಲಿ ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರು, ಒಬ್ಬರು ಕಾನೂನು ಬಲ್ಲವರು, ಒಬ್ಬರಾದರೂ ಮಹಿಳೆ. ಟ್ರಯಲ್‌ಗಳನ್ನು ಶುರುವಾಗುವ ಮೊದಲೇ ಸಿಟಿಆರ್‌ಐ ಎಂಬ ಸರ್ಕಾರಿ ರಿಜಿಸ್ಟ್ರಿಯಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ. ಅಲ್ಲಿ ಹೆಸರು ಹುಡುಕಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಗೆಳೆಯ ‘ಒಂದು ಸ್ಟಡಿ ಇದೆ, ಬಾರೋ’ ಎಂದು ಕರೆದರೆ ಮೊದಲು ಅಲ್ಲಿ ನೋಡಿ, ಆಮೇಲೆ ಬಸ್ಸು ಹತ್ತಿ.

‘ಇದೆಲ್ಲ ಇಷ್ಟು ಸಣ್ಣಕ್ಷರದಲ್ಲಿ, ಇಂಥ ಕನ್ನಡದಲ್ಲಿ ಬರೆದ್ರೆ ಯಾವನು ಓದ್ತಾನೆ?’ ಎಂದ ರೂಮ್‌ಮೇಟ್. ಆ ಪತ್ರದ ಕನ್ನಡ ನಿಜಕ್ಕೂ ಕಬ್ಬಿಣದ ಕಡಲೆ. ‘ಯಾದೃಚ್ಛೀಕರಣ’ ಎಂಬ ಪದವನ್ನು ಅವನು ಮೂರು ಸಲ ಓದಿ, ‘ಇದೇನು ಹೋಮದ ಹೆಸರಾ?’ ಎಂದ.

ಆ ಮಾತೇ ನನಗೆ ಒಂದು ದಾರಿ ತೋರಿಸಿತು. ಈಗ ಆರು ತಿಂಗಳಿಂದ ಇಂಥ ಮಾಹಿತಿ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದೇನೆ. ಖಾಯಂ ಅಲ್ಲ, ಪುಟದ ಲೆಕ್ಕದಲ್ಲಿ ದುಡ್ಡು. ನಾನು ಕನ್ನಡಕ್ಕೆ ತಂದದ್ದನ್ನು ಬೇರೆ ಯಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಕೆಟ್ಟಿಲ್ಲ ತಾನೇ ಎಂದು ನೋಡುತ್ತಾರೆ. ಬಿ.ಎಸ್ಸಿ. ಓದಿದವರಿಗೆ, ಕನ್ನಡ ಚೆನ್ನಾಗಿ ಬಲ್ಲವರಿಗೆ ಇಂಥದ್ದೊಂದು ಕೆಲಸ ಇದೆ ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಟ್ರಯಲ್ ಕೋಆರ್ಡಿನೇಟರ್, ಡೇಟಾ ನೋಡುವವರು, ಲ್ಯಾಬಿನವರು ಹೀಗೆ ಬೇರೆ ಕೆಲಸಗಳೂ ಇವೆ. ನಾನು ಅವಕ್ಕೂ ಅರ್ಜಿ ಹಾಕುತ್ತಿದ್ದೇನೆ.

‘ಯಾದೃಚ್ಛೀಕರಣ’ದ ಬದಲು ‘ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ’ ಎಂದು ಬರೆದೆ. ಒಪ್ಪಿಕೊಂಡರು. ಕಳಿಸುವ ಮೊದಲು ಪ್ರತಿಯೊಂದನ್ನೂ ರೂಮ್‌ಮೇಟಿಗೆ ಓದಿಸುತ್ತೇನೆ. ಅವನಿಗೀಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ, ಸ್ಟಡಿಗೆ ಹೋಗುವುದನ್ನು ಬಿಟ್ಟಿದ್ದಾನೆ. ಪೂರ್ತಿ ಬಿಟ್ಟಿದ್ದಾನೋ ಇಲ್ಲವೋ, ನಾನು ಕೇಳಿಲ್ಲ.

ಮೊನ್ನೆ ರಾತ್ರಿ ಒಂದು ಪತ್ರ ಓದುತ್ತಾ ಮಧ್ಯದಲ್ಲಿ ನಿಲ್ಲಿಸಿದ. ‘ಒಂದು ಸಲಕ್ಕೆ ಐದು ಮಿಲಿ ಲೀಟರ್ ರಕ್ತ ಅಂತ ಬರೆದಿದೀಯ. ಐದು ಮಿಲಿ ಅಂದ್ರೆ ಎಷ್ಟು ಅಂತ ನಮ್ಮಪ್ಪಂಗೆ ಹೆಂಗೆ ಗೊತ್ತಾಗ್ಬೇಕು?’

ಸ್ಟೌ ಪಕ್ಕದಲ್ಲಿದ್ದ ಟೀ ಚಮಚ ತೋರಿಸಿದೆ.

‘ಹಂಗಂತ ಬರಿ ಮತ್ತೆ’ ಎಂದು ಮುಂದಿನ ಪುಟ ತಿರುವಿದ.